ಹಾಜಿಮೆ ಮೊರಿಯಾಸು: ಹೆಚ್ಚು ಗೋಲ್ ಹೊಡೀದ ಆಟಗಾರ ಇಷ್ಟು ದೊಡ್ಡ ಕೋಚ್ ಆಗಿದ್ದು ಹೇಗೆ?

ಬೈತಖೋಲ್ ಹುಡುಗ (ಕಾರವಾರ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಫುಟ್‌ಬಾಲ್ ಆಡಿದವ್ರು, ಆಡಿಸೋರು ಸುಮಾರು ಜನ ಇದ್ದೀರಿ ಅದ್ಕೇ ಕೇಳ್ತಾ ಇದ್ದೇನೆ. 2025ರ ಅಕ್ಟೋಬರಲ್ಲಿ ಟೋಕಿಯೋದಲ್ಲಿ ಜಪಾನ್ ಬ್ರೆಜಿಲ್ ಎದುರು ಹಾಫ್ ಟೈಮಿಗೆ 0-2 ಹಿಂದೆ ಇದ್ದು ಆಮೇಲೆ 3-2 ಗೆದ್ರಲಾ, ಬ್ರೆಜಿಲನ್ನ ಜಪಾನ್ ಸೋಲಿಸಿದ್ದು ಅದೇ ಮೊದಲು, ಆ ಮ್ಯಾಚ್ ನೋಡ್ದಾಗಿಂದ ಅವ್ರ ಕೋಚ್ ಮೊರಿಯಾಸು ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಇದ್ದೇನೆ. ಆಟಗಾರನಾಗಿ ಅವ್ನು ಡಿಫೆನ್ಸಿವ್ ಮಿಡ್‌ಫೀಲ್ಡರ್ (ಡಿಫೆನ್ಸಿನ ಮುಂದೆ ನಿಂತು ಎದುರಾಳಿನ ತಡೆಯೋವ), ಜಪಾನಿಗೆ 35 ಮ್ಯಾಚ್ ಆಡಿದ್ದಾನೆ, ಗೋಲ್ ಹೊಡೆದದ್ದು ಬರೀ 1. ಯುರೋಪಿಗೆ ಆಡೋಕೆ ಹೋದವನೂ ಅಲ್ಲ.

ಎಂತಕ್ಕೆ ಕೇಳ್ತಾ ಇದ್ದೇನೆ ಅಂದ್ರೆ ನಾನು ಸಂಜೆ ಹೊತ್ತು ಹೈಸ್ಕೂಲ್ ಹುಡುಗರಿಗೆ ಪ್ರಾಕ್ಟೀಸ್ ಮಾಡಿಸ್ತೇನೆ. ನಮ್ಮೂರು ಗೊತ್ತಲಾ, ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಆಚೆ ಹೋದ್ರೆ ಗೋವಾನೇ, ಹಾಗಾಗಿ ಇಲ್ಲಿ ಕ್ರಿಕೆಟ್ ಎಷ್ಟಿದ್ರೂ ಫುಟ್‌ಬಾಲಿನ ಹುಚ್ಚು ಬೇರೆನೇ. ಆದ್ರೆ ಎಲ್ಲರಿಗೂ ಸ್ಟ್ರೈಕರ್ರೇ ಆಗ್ಬೇಕು. ಒಬ್ಬ ಹುಡುಗ ಇದ್ದಾನೆ, ಡಿಫೆನ್ಸ್ ಮುಂದೆ ನಿಂತ್ಕೊಂಡು ಆಡೋದ್ರಲ್ಲಿ ನಿಜವಾಗ್ಲೂ ಒಳ್ಳೇವ, ಬಾಲ್ ಎಲ್ಲಿಗೆ ಬರ್ತದೆ ಅಂತ ಅವ್ನಿಗೆ ಮೊದಲೇ ಗೊತ್ತಾಗ್ತದೆ, ಆದ್ರೆ ಮನೇಲಿ ಎಲ್ಲಾ ಇವತ್ತು ಎಷ್ಟು ಗೋಲ್ ಹೊಡೆದೆ ಅಂತಾನೇ ಕೇಳ್ತಾರಂತೆ, ಅದ್ಕೆ ಆಟಾನೇ ಬಿಡ್ತೇನೆ ಅಂತಿದ್ದಾನೆ. ಅವ್ನಿಗೆ ಮೊರಿಯಾಸು ಕಥೆ ಹೇಳ್ಬೇಕು ಅಂತ ನನ್ನ ಆಸೆ. ಆದ್ರೆ ಸುಮ್ನೆ ಹುರಿದುಂಬಿಸೋಕೆ ಅಂತ ಸುಳ್ಳು ಹೇಳಬಾರ್ದು. ಅವ್ನು ಆಡ್ತಿದ್ದ ಜಾಗಕ್ಕೂ ಅವ್ನ ಕೋಚಿಂಗಿಗೂ ನಿಜವಾಗಿ ಸಂಬಂಧ ಇದೆಯಾ ಅಥವಾ ನಾನೇ ಗಂಟು ಹಾಕ್ತಾ ಇದ್ದೇನಾ? ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳಿ.

ಸಿರ್ಸಿ ಮಾಣಿ

ಭಾವಾ ಒಳ್ಳೆ ಪ್ರಶ್ನೆ ಕೇಳಿದ್ರಿ, ಸಂಬಂಧ ಇದೆ, ಖಂಡಿತ ಇದೆ, ಸ್ವಲ್ಪ ಉದ್ದ ಬರೀತೆ ಸಮಾಧಾನದಲ್ಲಿ ಓದಿ.

ಮೊರಿಯಾಸು ಹುಟ್ಟಿದ್ದು 1968ರಲ್ಲಿ ಶಿಜುವೋಕಾದಲ್ಲಿ, ಬೆಳೆದದ್ದೆಲ್ಲಾ ನಾಗಸಾಕಿಯಲ್ಲಿ. ಹೈಸ್ಕೂಲ್ ಮುಗಿಸಿ 1987ರಲ್ಲಿ ಹಿರೋಶಿಮಾದ ಮಾಜ್ದಾ ಟೀಮಿಗೆ ಸೇರಿದ. ಕಾರು ಮಾಡೂ ಮಾಜ್ದಾ ಕಂಪನಿದೇ ಟೀಮು. ಆಗ ಜಪಾನಲ್ಲಿ ಪ್ರೊಫೆಷನಲ್ ಲೀಗೇ ಇರ್ಲಿಲ್ಲ, ಕಂಪನಿ ಟೀಮುಗಳು ಲೀಗ್ ಆಡ್ತಿದ್ವು, ಆಟಗಾರರು ಕಂಪನಿ ನೌಕರರು. ಜೆ ಲೀಗ್ ಶುರುವಾದದ್ದು 1993ರಲ್ಲಿ, 10 ಕ್ಲಬ್ ಇಟ್ಕೊಂಡು, ಅದ್ರಲ್ಲಿ ಈ ಮಾಜ್ದಾ ಟೀಮು ಸಾನ್‌ಫ್ರೆಚೆ ಹಿರೋಶಿಮಾ ಅನ್ನೂ ಹೆಸರಲ್ಲಿ ಬಂತು.

ಇವನನ್ನ ಗುರುತಿಸಿದ್ದು ಹಾನ್ಸ್ ಊಫ್ಟ್ ಅನ್ನೂ ಡಚ್ ಕೋಚ್. ಅವ್ರು ಮೊದ್ಲು ಮಾಜ್ದಾದಲ್ಲೇ ಕೋಚ್ ಆಗಿದ್ರು, 1992ರಲ್ಲಿ ಜಪಾನ್ ಟೀಮಿಗೆ ಕೋಚ್ ಆದ ಕೂಡ್ಲೇ ಮೊರಿಯಾಸುನ ಕರೆಸಿದ್ರು. ಆವಾಗ ಅವ್ನ ಹೆಸರು ಜಪಾನಲ್ಲೇ ಸುಮಾರು ಜನಕ್ಕೆ ಗೊತ್ತಿರ್ಲಿಲ್ಲ. ಮೊದಲನೇ ಮ್ಯಾಚೇ ಅರ್ಜೆಂಟೀನಾ ಎದುರು. 0-1 ಸೋತ್ರು, ಆದ್ರೆ ಆಮೇಲೆ ಊಫ್ಟ್ ಅವನನ್ನ ಬಿಡಲೇ ಇಲ್ಲ. ಅದೇ ವರ್ಷ ಹಿರೋಶಿಮಾದಲ್ಲೇ ನಡೆದ ಏಷ್ಯನ್ ಕಪ್ ಜಪಾನ್ ಮೊದಲ ಸಲ ಗೆದ್ದಾಗ ಟೀಮಲ್ಲಿದ್ದ. ಆ ಟೀಮಿನ ಸ್ಟಾರ್‌ಗಳು ಅಂದ್ರೆ ಕಝು ಮಿಯುರಾ, ರೂಯ್ ರಾಮೋಸ್. ರಾಮೋಸ್ ಮುಂದೆ ಹೋಗಿ ಆಡೋಕೆ ಆಗ್ತಿದ್ದದ್ದು ಹಿಂದೆ ಇವ ನಿಂತಿದ್ದಕ್ಕೆ. ಯಕ್ಷಗಾನದಲ್ಲಿ ಕುಣಿಯೂ ವೇಷಕ್ಕೆ ಚಪ್ಪಾಳೆ ಬೀಳ್ತದೆ, ಮದ್ದಳೆಯವ ತಾಳ ತಪ್ಪಿದ್ರೆ ಮಾತ್ರ ಜನ ಅವ್ನ ಕಡೆ ತಿರುಗಿ ನೋಡ್ತಾರೆ ಅಲ್ದಾ, ಆ ಜಾಗ ಹಾಗೇ.

ಇನ್ನು ದೋಹಾ. ಇದನ್ನ ನಿಮ್ಮ ಹುಡುಗನಿಗೆ ಹೇಳ್ಲೇಬೇಕು. 1993 ಅಕ್ಟೋಬರ್ 28. ಜಪಾನ್ ಅಲ್ಲಿವರೆಗೆ ಒಂದು ವರ್ಲ್ಡ್ ಕಪ್ಪೂ ಆಡಿರ್ಲಿಲ್ಲ. 94ರ ವರ್ಲ್ಡ್ ಕಪ್ಪಿಗೆ ಏಷ್ಯಾದಿಂದ 2 ಟೀಮಿಗೆ ಅವಕಾಶ, ಕೊನೇ ಸುತ್ತಲ್ಲಿ 6 ಟೀಮು ದೋಹಾದಲ್ಲಿ ಆಡ್ತಿದ್ವು. ಕೊನೇ ಮ್ಯಾಚಿಗೆ ಮೊದ್ಲು ಜಪಾನೇ ಮೇಲೆ ಇತ್ತು, ಇರಾಕ್ ಎದುರು ಗೆದ್ರೆ ಆಯ್ತು. 2-1 ಮುಂದೆ ಇದ್ರು, 90 ನಿಮಿಷ ಮುಗಿದು ಇಂಜುರಿ ಟೈಮ್ ನಡೀತಿತ್ತು, ಇರಾಕಿಗೆ ಒಂದು ಕಾರ್ನರ್ ಸಿಕ್ತು, ನೇರ ಹೊಡೀದೆ ಶಾರ್ಟ್ ಕಾರ್ನರ್ ತಗೊಂಡ್ರು, ಕ್ರಾಸ್ ಬಂತು, ಹೆಡ್ಡರ್, 2-2. ಅಷ್ಟೇ. ಸೌದಿ ಅರೇಬಿಯಾ ಮತ್ತೆ ದಕ್ಷಿಣ ಕೊರಿಯಾ ವರ್ಲ್ಡ್ ಕಪ್ಪಿಗೆ ಹೋದ್ವು, ಕೊರಿಯಾಕ್ಕೂ ಜಪಾನಿಗೂ ಪಾಯಿಂಟ್ ಸಮ, ಗೋಲ್ ಡಿಫರೆನ್ಸಲ್ಲಿ ಜಪಾನ್ ಹೊರಗೆ. ಆ ಮ್ಯಾಚಲ್ಲಿ ಮೊರಿಯಾಸು ಮೈದಾನದಲ್ಲಿದ್ದ, ಪೂರ್ತಿ 90 ನಿಮಿಷ ಮತ್ತೆ ಆ ಹಾಳು ಇಂಜುರಿ ಟೈಮೂ ಸೇರಿ. ಅವ್ನಿಗೆ ಆಟಗಾರನಾಗಿ ವರ್ಲ್ಡ್ ಕಪ್ ಅಂತ ಸಿಗಲೇ ಇಲ್ಲ.

ಈಗ 2022ಕ್ಕೆ ಬನ್ನಿ. ಅದೇ ಕತಾರು. ವರ್ಲ್ಡ್ ಕಪ್ಪಲ್ಲಿ ಸ್ಪೇನ್ ಎದುರು 2-1 ಮುಂದೆ, ಅದೇ ಸ್ಕೋರು, ಅದೇ ಇಂಜುರಿ ಟೈಮು. ಮ್ಯಾಚ್ ಮುಗಿದ್ಮೇಲೆ ಅವ್ನೇ ಹೇಳಿದ, ಕೊನೇ ಒಂದು ನಿಮಿಷದಲ್ಲಿ ದೋಹಾ ನೆನಪಾಯ್ತು, ಆದ್ರೆ ಅಷ್ಟೊತ್ತಿಗೆ ನಮ್ಮ ಹುಡುಗರು ಹಿಂದೆ ಸರೀದೆ ಮುಂದೆ ನುಗ್ಗಿ ಬಾಲ್ ಕಸಿಯೂದು ಕಂಡು ಕಾಲ ಬದಲಾಗಿದೆ ಅನ್ನಿಸ್ತು ಅಂತ. ಈ ಮಾತು ಹೇಳೋಕೆ ಆ ಜಾಗದಲ್ಲಿ ನಿಂತು ಸೋತವನಿಗೇ ಸಾಧ್ಯ.

ನಡುವಿನದ್ದು ಬೇಗ ಹೇಳ್ತೆ. 1994ರಲ್ಲಿ ಹಿರೋಶಿಮಾ ಜೆ ಲೀಗಿನ ಫಸ್ಟ್ ಸ್ಟೇಜ್ (ಸೀಸನ್ನಿನ ಮೊದಲ ಅರ್ಧ) ಗೆದ್ದಿತು. 98ರಲ್ಲಿ ಲೋನ್ ಮೇಲೆ ಕ್ಯೋಟೋ, ವಾಪಸ್ ಹಿರೋಶಿಮಾ, ಕೊನೆಗೆ ಸೆಂಡಾಯಲ್ಲಿ ಎರಡು ಸೀಸನ್ ಆಡಿ 2003 ಮುಗೀತಿದ್ದಂಗೆ ಆಟ ಬಿಟ್ಟ. ಆಮೇಲೆ ಸೀದಾ ಹೆಡ್ ಕೋಚ್ ಆಗ್ಲಿಲ್ಲ ನೋಡಿ. ಯೂತ್ ಟೀಮಲ್ಲಿ ಕೆಲಸ, ಹಿರೋಶಿಮಾದಲ್ಲಿ ಪೆಟ್ರೋವಿಚ್ ಕೈಕೆಳಗೆ ಸಹಾಯಕ, ನೀಗಾತಾ ಕ್ಲಬ್ಬಲ್ಲಿ ಸಹಾಯಕ. 2012ಕ್ಕೆ ಹಿರೋಶಿಮಾದವ್ರು ಕರೆದು ಹೆಡ್ ಕೋಚ್ ಮಾಡಿದ್ರು, ಮೊದಲನೇ ವರ್ಷವೇ ಲೀಗ್ ಗೆದ್ದ, ಆ ಕ್ಲಬ್ಬಿಗೆ ಅದು ಮೊದಲ ಜೆ ಲೀಗ್ ಟೈಟಲ್. 2013ರಲ್ಲಿ ಮತ್ತೆ, 2015ರಲ್ಲಿ ಮತ್ತೆ. ನಾಲ್ಕು ವರ್ಷಕ್ಕೆ ಮೂರು ಟೈಟಲ್ಲು, ಅದೂ ದುಡ್ಡಲ್ಲಿ ಉರಾವಾ, ಗಾಂಬಾ ಅಂಥ ಕ್ಲಬ್ಬುಗಳಿಗೆ ಸಾಟಿ ಅಲ್ಲದ ಟೀಮಲ್ಲಿ.

ಅಂಕೋಲಾ ಕೀಪರ್

ಮೇಲೆ ಬರೆದದ್ದು ಎಲ್ಲಾ ಸರಿ ಮಾರಾಯಾ, ಆದ್ರೆ ಒಂದೇ ಕಡೆಯದ್ದು ಆಯ್ತು. ಹುಡುಗನಿಗೆ ಹೇಳೂದಾದ್ರೆ ಸೋತದ್ದನ್ನೂ ಹೇಳ್ಬೇಕು. 2019 ಏಷ್ಯನ್ ಕಪ್ ಫೈನಲ್, ಕತಾರ್ ಎದುರು 1-3. ಟೋಕಿಯೋ ಒಲಿಂಪಿಕ್ಸಲ್ಲಿ ಅಂಡರ್ 24 ಟೀಮೂ ಅವ್ನದ್ದೇ, ಸೆಮಿಫೈನಲಲ್ಲಿ ಸ್ಪೇನಿಗೆ ಎಕ್ಸ್‌ಟ್ರಾ ಟೈಮಲ್ಲಿ ಸೋತು, ಬ್ರಾಂಝ್ ಮ್ಯಾಚಲ್ಲಿ ಮೆಕ್ಸಿಕೋಗೆ 1-3 ಸೋತು ನಾಲ್ಕನೇ ಜಾಗ, ಅದೂ ತಮ್ಮ ನೆಲದಲ್ಲಿ. ಅದ್ರ ಮುಂದಿನ ತಿಂಗಳೇ ವರ್ಲ್ಡ್ ಕಪ್ ಕ್ವಾಲಿಫೈಯರಲ್ಲಿ ಒಮಾನಿಗೆ ಮನೆಯಲ್ಲೇ ಸೋತ್ರು, ಆಮೇಲೆ ಸೌದಿಗೂ ಸೋತ್ರು, ಆವಾಗ ಅವನನ್ನ ತೆಗೀರಿ ಅಂತ ಜಪಾನಲ್ಲಿ ಗಲಾಟೆನೇ ಆಗಿತ್ತು.

ಮತ್ತೆ ನಾನು ಗೋಲ್ ಕೀಪರ್ ಆಗಿ ಆಡಿದವ, ನನಗೆ ಮರೆಯೋಕೆ ಆಗದ್ದು ಕ್ರೊಯೇಷಿಯಾ ಮ್ಯಾಚು. 2022ರ ವರ್ಲ್ಡ್ ಕಪ್ ಪ್ರೀ ಕ್ವಾರ್ಟರು, 1-1, ಪೆನಾಲ್ಟಿ ಶೂಟೌಟು. ಯಾರು ಹೊಡೀತೀರಿ ಕೈ ಎತ್ತಿ ಅಂತ ಆಟಗಾರರಿಗೇ ಬಿಟ್ಟ. ಮಿನಾಮಿನೋ, ಮಿತೋಮಾ, ಯೋಶಿದಾ ಮೂರೂ ಜನದ್ದನ್ನ ಅವ್ರ ಕೀಪರ್ ಲಿವಾಕೋವಿಚ್ ಹಿಡಿದ, 1-3, ಕಥೆ ಮುಗೀತು. ಪೆನಾಲ್ಟಿ ಅನ್ನೂದು ಅದೃಷ್ಟ ಅಲ್ಲ, ಯಾವ ಕೀಪರ್ ಯಾವ ಕಡೆ ಹಾರ್ತಾನೆ, ನಮ್ಮವ್ರಲ್ಲಿ ಯಾರ ಕಾಲು ನಡುಗೂದಿಲ್ಲ, ಇದೆಲ್ಲ ಮೊದ್ಲೇ ಬರೆದಿಡ್ಬೇಕಾದ ಕೆಲಸ. ಅವ್ನು ಬೆಂಚ್ ಹತ್ರ ನಿಂತು ಮ್ಯಾಚ್ ಪೂರ್ತಿ ನೋಟ್‌ಬುಕ್ಕಲ್ಲಿ ಬರೀತಾನೆ ಅಂತ ಎಲ್ಲರೂ ಹೊಗಳ್ತಾರೆ, ಆ ಪುಸ್ತಕದಲ್ಲಿ ಐದು ಹೆಸರು ಇರಬೇಕಿತ್ತು.

ಇನ್ನೊಂದು. 2022ರ ವರ್ಲ್ಡ್ ಕಪ್ಪಲ್ಲಿ ಜರ್ಮನಿ, ಸ್ಪೇನ್, ಆಮೇಲೆ ಬ್ರೆಜಿಲ್, ಗೆದ್ದ ಈ ಮೂರೂ ಮ್ಯಾಚಲ್ಲಿ ಹಾಫ್ ಟೈಮಿಗೆ ಜಪಾನ್ ಹಿಂದೆ ಇತ್ತು. ಎರಡನೇ ಹಾಫ್ ಚಂದ ತಿರುಗಿಸ್ತಾನೆ ಅಂತ ಹೇಳೂದಕ್ಕಿಂತ ಮೊದಲನೇ ಹಾಫ್ ಎಂತಕ್ಕೆ ಹಾಗೆ ಆಗ್ತದೆ ಅಂತ ಕೇಳ್ಬೇಕಲಾ.

ಸಿರ್ಸಿ ಮಾಣಿ

ಪೆನಾಲ್ಟಿ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಒಪ್ತೆ, ಅಲ್ಲಿ ವಾದ ಮಾಡೂದಿಲ್ಲ. ಅದೇ ವರ್ಲ್ಡ್ ಕಪ್ಪಲ್ಲಿ ಕೋಸ್ಟಾ ರಿಕಾಗೆ 0-1 ಸೋತದ್ದನ್ನೂ ನೀವು ಬಿಟ್ರಿ, ಅದನ್ನೂ ಸೇರಿಸ್ಕೊಳ್ಳಿ. 2024ರಲ್ಲಿ ಮತ್ತೆ ಕತಾರಲ್ಲಿ ನಡೆದ ಏಷ್ಯನ್ ಕಪ್ಪಲ್ಲಿ, ಗ್ರೂಪಲ್ಲಿ ಇರಾಕಿಗೆ 1-2, ಕ್ವಾರ್ಟರಲ್ಲಿ ಇರಾನಿಗೆ 1-2, ಅದೂ ಇಂಜುರಿ ಟೈಮ್ ಪೆನಾಲ್ಟಿಯಲ್ಲಿ.

ಆದ್ರೆ ಹಾಫ್ ಟೈಮ್ ವಿಷಯ ಬೇರೆ. ಜರ್ಮನಿ ಮ್ಯಾಚನ್ನ ಮತ್ತೆ ನೋಡಿ. ನಾಲ್ಕು ಡಿಫೆಂಡರ್ ಇಟ್ಟು ಶುರು ಮಾಡಿದ್ರು, ಜರ್ಮನಿಯವ್ರು ಸೈಡಿಂದ ಹರಿದು ಹಾಕಿದ್ರು, ಗುಂಡೋಗನ್ ಪೆನಾಲ್ಟಿ ಹೊಡೆದು 0-1. ಹಾಫ್ ಟೈಮಲ್ಲಿ ಕುಬೋನ ತೆಗೆದು ತೊಮಿಯಾಸುನ ಹಾಕಿದ, ಅಂದ್ರೆ ಹಿಂದೆ ಇದ್ದೂ ಫಾರ್ವರ್ಡ್ ಆಡೂವನನ್ನ ತೆಗೆದು ಡಿಫೆಂಡರನ್ನ ಹಾಕಿದ! ಹಿಂದೆ ಮೂರು ಜನ ಆದ್ರು, ವಿಂಗ್ ಬ್ಯಾಕುಗಳಿಗೆ (ಸೈಡಲ್ಲಿ ಹಿಂದೆ ಮುಂದೆ ಓಡಿ ಆಡೂವ್ರಿಗೆ) ಮುಂದೆ ಹೋಗೋಕೆ ಜಾಗ ಆಯ್ತು. ಆಮೇಲೆ ಮಿತೋಮಾ, ಅಸಾನೋ, ದೋವಾನ್, ಮಿನಾಮಿನೋ ಒಬ್ರಾದ್ಮೇಲೆ ಒಬ್ರು ಬಂದ್ರು. 75ನೇ ನಿಮಿಷ ದೋವಾನ್ ಗೋಲು, 83ನೇ ನಿಮಿಷ ಅಸಾನೋ ಗೋಲು. ಆ ಹಿಂದೆ ಮೂರು ಜನರ ಫಾರ್ಮೇಶನ್ ಉಂಟಲ್ಲ, 3-4-2-1, ಅದನ್ನೇ ಅವ್ನು ಹಿರೋಶಿಮಾದಲ್ಲಿ ವರ್ಷಗಟ್ಲೆ ಆಡಿಸಿ ಲೀಗ್ ಗೆದ್ದದ್ದು. ಎಲ್ಲಿ ಜಾಗ ತೆರೆದಿದೆ, ಯಾರನ್ನ ಅಲ್ಲಿ ನಿಲ್ಲಿಸಿದ್ರೆ ಮುಚ್ತದೆ ಅಂತ ನೋಡೂದು ಡಿಫೆನ್ಸಿವ್ ಮಿಡ್‌ಫೀಲ್ಡರಿನ ಕಣ್ಣು. ಇದೇ ಇವ್ರ ಪ್ರಶ್ನೆಗೆ ನನ್ನ ಉತ್ತರ.

ಅಸಾನೋ ಬಗ್ಗೆ ಒಂದು ಮಾತು. 2015ರಲ್ಲಿ ಹಿರೋಶಿಮಾ ಟೈಟಲ್ ಗೆದ್ದ ಫೈನಲಲ್ಲಿ ಎರಡನೇ ಲೆಗ್ಗಲ್ಲಿ (ಫೈನಲ್ ಎರಡು ಮ್ಯಾಚಿನದ್ದು) ಸಮ ಮಾಡಿದ ಗೋಲ್ ಅವನದ್ದೇ, ಆಗ ಇನ್ನೂ ಎಳೇ ಹುಡುಗ. 2022ರ ಸೆಪ್ಟೆಂಬರಲ್ಲಿ ಮೊಣಕಾಲಿನ ಲಿಗಮೆಂಟ್ ಪೆಟ್ಟು ಮಾಡ್ಕೊಂಡು ಕೂತಿದ್ದ, ಆದ್ರೂ ವರ್ಲ್ಡ್ ಕಪ್ ಟೀಮಿಗೆ ಮೊರಿಯಾಸು ಅವನನ್ನ ತಗೊಂಡ, ಇವನನ್ನ ಎಂತಕ್ಕೆ ಅಂತ ಸುಮಾರು ಜನ ಬೈದ್ರು. ಜರ್ಮನಿಗೆ ಆ ಬಿಗಿ ಕೋನದಿಂದ ಕೀಪರ್ ನೋಯರ್ ತಲೆ ಹತ್ರ ಹೊಡೆದವ ಅವನೇ. ಹುಡುಗನನ್ನ ಸಣ್ಣವನಿದ್ದಾಗಿಂದ ನೋಡಿ ಗೊತ್ತಿದ್ದ ಕೋಚ್ ಮಾತ್ರ ಹಾಗೆ ನಂಬ್ತಾನೆ.

ಅಂಕೋಲಾ ಕೀಪರ್

ಅಸಾನೋ ವಿಷಯ ಗೊತ್ತಿರ್ಲಿಲ್ಲ, ಚಲೋ ಆಯ್ತು ಹೇಳಿದ್ದು. ಕುಬೋನ ತೆಗೆದದ್ದು ಧೈರ್ಯವೇ. ಆದ್ರೂ ಒಂದು ದೊಡ್ಡ ಕಪ್ ಗೆಲ್ಲೂವರೆಗೆ ನಾನು ದೊಡ್ಡ ಕೋಚ್ ಅಂತ ಹೇಳೂದಿಲ್ಲ, ಒಳ್ಳೆ ಕೋಚ್ ಅಂತ ಹೇಳ್ತೇನೆ.

ಹೊನ್ನಾವರದ ಪಿಇ ಟೀಚರ್

ಬೈತಖೋಲ್ ತಮ್ಮಾ, ನೀನು ಮಕ್ಕಳಿಗೆ ಕಲಿಸ್ತೀಯಲ್ಲ ಅದ್ಕೆ ಈ ವಿಷಯ ನಿನಗೇ ಹೇಳ್ತಾ ಇದ್ದೇನೆ. ಮೊರಿಯಾಸು ಆಟ ಬಿಟ್ಟಿದ್ದಕ್ಕೂ ಹೆಡ್ ಕೋಚ್ ಆಗಿದ್ದಕ್ಕೂ ನಡುವೆ ಎಂಟು ವರ್ಷ ಇದೆ, ಅದನ್ನ ಯಾರೂ ಗಮನಿಸೂದಿಲ್ಲ. ಜಪಾನಲ್ಲಿ ಎಷ್ಟೇ ದೊಡ್ಡ ಆಟಗಾರ ಆಗಿದ್ರೂ ಲೈಸೆನ್ಸ್ ಇಲ್ದೆ ಜೆ ಲೀಗ್ ಟೀಮಿನ ಹೆಡ್ ಕೋಚ್ ಆಗೋಕೆ ಬಿಡೂದಿಲ್ಲ, ಎಲ್ಲಕ್ಕಿಂತ ಮೇಲಿನ ಎಸ್ ಲೈಸೆನ್ಸ್ ಬೇಕಿತ್ತು. ನಮ್ಮಲ್ಲೂ ದಾರಿ ಇದೆ, ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಡಿ ಲೈಸೆನ್ಸ್ ಇದೆ, ಆಮೇಲೆ ಏಷ್ಯಾದ ಸಿ, ಬಿ, ಎ, ಪ್ರೊ. ಡಿ ಮಾಡೋಕೆ ದೊಡ್ಡ ಆಟಗಾರ ಆಗಿರ್ಬೇಕು ಅಂತೇನಿಲ್ಲ. ಆದ್ರೆ ನಮ್ಮ ಜಿಲ್ಲೆಯವ್ರಿಗೆ ಕಷ್ಟ ಏನಂದ್ರೆ ಕೋರ್ಸ್ ಹೆಚ್ಚಾಗಿ ದೊಡ್ಡ ಊರಲ್ಲೇ ನಡೀತದೆ, ರಜೆ ಹಾಕಿ, ರೂಮ್ ಮಾಡಿ, ಫೀ ಕಟ್ಟಿ ಹೋಗ್ಬೇಕು. ಆದ್ರೂ ಮಾಡು. ಮಕ್ಕಳ ಮೊಣಕಾಲು, ಹಿಮ್ಮಡಿ ಬೆಳೆಯೂ ವಯಸ್ಸಲ್ಲಿ ಎಷ್ಟು ಓಡಿಸ್ಬೇಕು ಎಷ್ಟು ಓಡಿಸಬಾರ್ದು ಅಂತ ಆಟ ಆಡಿದ ಅನುಭವದಿಂದ ಮಾತ್ರ ಗೊತ್ತಾಗೂದಿಲ್ಲ.

ಜಪಾನಿ ಆಟಗಾರ ಕೋಚ್ ಆದದ್ದು ಅಂದ್ರೆ ನನಗೆ ನೆನಪಾಗೂದು ಅರಾಟಾ ಇಜುಮಿ. ಅಪ್ಪ ಭಾರತದವ್ರು, ಅಮ್ಮ ಜಪಾನಿ. ಈಸ್ಟ್ ಬೆಂಗಾಲ್, ಮಹೀಂದ್ರಾ ಯುನೈಟೆಡ್, ಪುಣೆ ಎಫ್‌ಸಿಗೆ ಆಡಿದ, ಎರಡೂ ದೇಶದ ಪೌರತ್ವ ಇಟ್ಕೊಳ್ಳೋಕೆ ಆಗೂದಿಲ್ಲ ಅಂತ ಜಪಾನಿನ ಪೌರತ್ವವನ್ನೇ ಬಿಟ್ಟು ಭಾರತ ತಂಡಕ್ಕೆ ಆಡಿದ. ಆಟ ಬಿಟ್ಟ ಮೇಲೆ ರಿಲಯನ್ಸ್ ಫೌಂಡೇಶನ್ ಯಂಗ್ ಚಾಂಪ್ಸಲ್ಲಿ ನಮ್ಮ ದೇಶದ್ದೇ ಮಕ್ಕಳಿಗೆ ಕೋಚ್ ಆದ. ಮೊರಿಯಾಸು ಅಷ್ಟು ಎತ್ತರದ ಹೆಸರಲ್ಲ, ಆದ್ರೆ ಮಕ್ಕಳಿಗೆ ಕಲಿಸೂ ಕೆಲಸಕ್ಕೆ ನನ್ನ ಮನಸ್ಸಲ್ಲಿ ಗೌರವ ಜಾಸ್ತಿ.

ಬೈತಖೋಲ್ ಹುಡುಗ (ಕಾರವಾರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಚಂದ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಟೀಚರ್, ಡಿ ಲೈಸೆನ್ಸ್ ವಿಚಾರ ತಲೇಲಿ ಇತ್ತು, ಈಗ ಗಟ್ಟಿ ಮಾಡ್ತೇನೆ. ನನಗೆ ಇದ್ರಲ್ಲಿ ಹೆಚ್ಚು ತಟ್ಟಿದ್ದು ಒಂದು, 2018ರ ವರ್ಲ್ಡ್ ಕಪ್ಪಲ್ಲೂ ಅವ್ನು ಬೆಂಚಲ್ಲಿ ಇದ್ದ ಅಲಾ, ಆಗಿನ ಹೆಡ್ ಕೋಚ್ ನಿಶಿನೋ ಕೈಕೆಳಗೆ ಸಹಾಯಕ ಕೋಚ್ ಆಗಿ, ಬೆಲ್ಜಿಯಂ ಎದುರು 2-0 ಮುಂದೆ ಇದ್ದು ಇಂಜುರಿ ಟೈಮಲ್ಲಿ ತಮ್ಮದೇ ಕಾರ್ನರಿಂದ ಕೌಂಟರ್ ತಿಂದು 2-3 ಸೋತ್ರಲಾ. ಅಂದ್ರೆ ಆಟಗಾರನಾಗಿ ಒಮ್ಮೆ, ಸಹಾಯಕನಾಗಿ ಒಮ್ಮೆ, ಎರಡೂ ಸಲ ಕೊನೇ ನಿಮಿಷದ ಕಾರ್ನರು. ಅದಾದ ತಿಂಗಳೇ ಹೆಡ್ ಕೋಚ್ ಕುರ್ಚಿ ಒಪ್ಕೊಂಡ. ಯಾರಿಗಾದ್ರೂ ಭಯ ಆಗ್ತದೆ. ಇದನ್ನ ಹುಡುಗನಿಗೆ ಹೇಳೇ ಹೇಳ್ತೇನೆ, ಕೀಪರಣ್ಣ ಹೇಳಿದ ಸೋಲುಗಳ ಜೊತೆಗೇ.

ಕಥೆ ಸರಿ, ಆದ್ರೆ ಗ್ರೌಂಡಲ್ಲಿ ಅವ್ನಿಗೆ ಎಂತ ಮಾಡಿಸ್ಲಿ? ಆ ಜಾಗಕ್ಕೆ ಅಂತಾನೇ ಬೇರೆ ಪ್ರಾಕ್ಟೀಸ್ ಇದ್ರೆ ಹೇಳಿ.

ಮುಂಡಗೋಡ ಸೆಂಟರ್ ಬ್ಯಾಕ್

ಅಣ್ಣಾರ ನಾ ಹೇಳ್ತೀನಿ. ನಮ್ಮಲ್ಲಿ ಟಿಬೆಟನ್ ಕ್ಯಾಂಪಿನ ಹುಡುಗರ ಜೊತಿ ಆಡಿ ಬೆಳದವ ನಾನು, ಅವ್ರು ಬಾಲ್ ಬಾಳ ಜೋರ್ ಆಡಸ್ತಾರ, ನಡುವ ನಿಂತಾವ ಒಂದು ಕ್ಷಣ ತಡಾ ಮಾಡಿದ್ರ ಮುಗೀತು.

ಕೋನ್ ಅಂಥಾದ್ದೇನೂ ಬ್ಯಾಡ್ರಿ, ನಾಕು ಚಪ್ಪಲಿ ಇಟ್ರೂ ಸಾಕು. ಹತ್ತು ಹದಿನೈದು ಹೆಜ್ಜಿ ಚೌಕ ಮಾಡ್ರಿ, ನಾಕೂ ಮೂಲಿಗೆ ಒಬ್ಬೊಬ್ಬ ಹುಡುಗ, ನಡುವ ನಿಮ್ಮ ಹುಡುಗ. ಅವನ ಬೆನ್ನ ಹಿಂದ ಇನ್ನೊಬ್ಬ ಬೇರೆ ಬೇರೆ ಬಣ್ಣದ ಬಿಬ್ (ಅಂಗಿ ಮ್ಯಾಲೆ ಹಾಕೂ ತೋಳಿಲ್ಲದ ಬನೀನು) ಎರಡು ಕೈಯಾಗ ಹಿಡಕೊಂಡು ನಿಂದರಲಿ, ಒಂದನ್ನ ಮ್ಯಾಲೆ ಎತ್ತಲಿ. ಮೂಲಿಯಿಂದ ಪಾಸ್ ಬಿಟ್ಟು ಬಾಲ್ ಇವನ ಕಾಲಿಗೆ ಮುಟ್ಟೂದ್ರೊಳಗ ಹಿಂದ ತಿರುಗಿ ನೋಡಿ ಯಾವ ಬಣ್ಣ ಅಂತ ಬಾಯಿ ಬಿಟ್ಟು ಹೇಳಬೇಕು, ಹೇಳಿದ ಮ್ಯಾಲೇ ಬಾಲ್ ತಗೊಂಡು ಬ್ಯಾರೆ ಮೂಲಿಗೆ ಕೊಡಬೇಕು. ಎರಡಕ್ಕಿಂತ ಹೆಚ್ಚು ಟಚ್ ಇಲ್ಲ. ಮೊದಮೊದಲು ಬಾಲ್ ಜಿಗದು ಹೋಗತೈತಿ, ಹೋಗಲಿ ಬಿಡ್ರಿ. ಅದು ಕೈಗೆ ಹತ್ತಿದ ಮ್ಯಾಲೆ ಒಬ್ಬ ಡಿಫೆಂಡರನ್ನ ಒಳಗ ಬಿಡ್ರಿ.

ಮತ್ತ ಮ್ಯಾಚಿನ್ಯಾಗ ಒಂದು ಕೆಲಸ ಮಾಡ್ರಿ. ಬೆಂಚಿನ ಮ್ಯಾಗ ಕುಂತ ಒಬ್ಬ ಹುಡುಗನ ಕೈಯಾಗ ಹಾಳಿ ಪೆನ್ ಕೊಟ್ಟು, ಆ ಹುಡುಗ ಎಷ್ಟು ಸಲ ಬಾಲ್ ಕಸಗೊಂಡ, ಎಷ್ಟು ಪಾಸ್ ನಡುವ ಹಿಡದ ಅಂತ ಗೀಟ ಹಾಕಸ್ರಿ. ಮ್ಯಾಚ್ ಮುಗದ ಮ್ಯಾಲೆ ಗೋಲ್ ಹೊಡದವನ ಹೆಸರ ಓದೂಕಿಂತ ಮೊದಲ ಅದನ್ನ ಎಲ್ಲಾರ ಮುಂದ ಓದ್ರಿ. ಮನ್ಯಾಗ ಎಷ್ಟು ಗೋಲ್ ಅಂತ ಕೇಳಿದ್ರ ಅವನ ಹತ್ರನೂ ಹೇಳಾಕ ಒಂದು ನಂಬರ್ ಇರತೈತಿ. ಲೆಫ್ಟ್ ಕಾಲು ಹೆಂಗದ ಅವಂದು? ಅದನ್ನ ತಿಳಿಸ್ರಿ, ಅದಕ್ಕ ಬ್ಯಾರೆ ಪ್ರಾಕ್ಟೀಸ್ ಅದಾವು, ನಾಳಿ ಬರೀತೀನಿ.